ಬೆನ್ನಿಗೊಂದು ತಾಲೀಮು

ದಸರೆಗೆ ಇನ್ನೂ ತಿಂಗಳಿಗೂ ಹೆಚ್ಚು ದಿನ ಬಾಕಿ ಇರುವಾಗಲೇ ಒಂದು ಬೆಳಿಗ್ಗೆ ಮೈಸೂರಿನ ಧನ್ವಂತರಿ ರಸ್ತೆಯಲ್ಲಿ ಸ್ಕೂಟರುಗಳು ಕಾಲೂರಿ ನಿಲ್ಲುತ್ತವೆ. ಕಾಡಿನ ಶಿಬಿರಗಳಿಂದ ಬಂದ ಆನೆಗಳು ಸಾಲುಗಟ್ಟಿ ನಡೆದು ಬಂದು, ಲಾರಿ ತೂಗುವ ಕಟ್ಟೆಯನ್ನು ಒಂದೊಂದಾಗಿ ಹತ್ತಿ ಇಳಿಯುತ್ತವೆ. ಅಭಿಮನ್ಯು ಐದು ಸಾವಿರ ಕಿಲೋ ದಾಟಿದ್ದಾನೆ ಎಂಬುದು ಮರುದಿನದ ಪತ್ರಿಕೆಯ ಸುದ್ದಿ. ಹೆಸರಿಗೆ ತಕ್ಕಂತೆ ಇದು ಔಷಧದಂಗಡಿ, ಲ್ಯಾಬು, ಕ್ಲಿನಿಕ್ಕುಗಳ ರಸ್ತೆ. ಆನೆ ನೋಡಲು ನಿಂತವರ ನಡುವೆ ಸೊಂಟಕ್ಕೆ ಅಗಲದ ಬೆಲ್ಟ್ ಬಿಗಿದವರು, ಕಂಕುಳಲ್ಲಿ ಎಂಆರ್‌ಐನ ದೊಡ್ಡ ಲಕೋಟೆ ಅವುಚಿಕೊಂಡವರು ಇಬ್ಬರಾದರೂ ಸಿಗುತ್ತಾರೆ.

ಆನೆಗಳ ತಾಲೀಮು ಶುರುವಾಗುವುದು ಬರಿಮೈ ನಡಿಗೆಯಿಂದ. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್. ದಾರಿ ರೂಢಿಯಾದ ಮೇಲೆ ಬೆನ್ನಿಗೆ ನಮ್ದಾ, ಗಾದಿ ಎಂಬ ಮೆತ್ತೆಗಳು, ಅವುಗಳ ಮೇಲೆ ಮರಳಿನ ಮೂಟೆ. ದಿನ ಕಳೆದಂತೆ ಮೂಟೆಯ ಭಾರ ಏರುತ್ತದೆ. ಆಮೇಲೆ ಮರದ ಅಂಬಾರಿ. ವಿಜಯದಶಮಿಯ ದಿನ 750 ಕಿಲೋದ ಚಿನ್ನದ ಅಂಬಾರಿ. ಐದು ಟನ್ನಿನ ಪ್ರಾಣಿಗೆ ಅದು ಮೈತೂಕದ ಸುಮಾರು ಏಳರಲ್ಲೊಂದು ಪಾಲು ಅಷ್ಟೇ. ಆದರೂ ಅದನ್ನು ಮೊದಲ ದಿನವೇ ಹೊರಿಸುವ ಮಾತಿಲ್ಲ.

ನಂಜನಗೂಡು ರಸ್ತೆಯ ಬಂಡಿಪಾಳ್ಯದ ಎಪಿಎಂಸಿ ಯಾರ್ಡಿಗೆ ಹೋದರೆ ಲೆಕ್ಕ ಬೇರೆ. ಅಲ್ಲಿ ಗೋಣಿಯೊಂದನ್ನು ಕೊಪ್ಪೆಯಂತೆ ತಲೆಗೆ ಹಾಕಿಕೊಂಡ ಹಮಾಲಿ ಲಾರಿಯ ಹಿಂಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಮೇಲಿದ್ದವನು ಕೊಕ್ಕೆ ಹಾಕಿ ಎಳೆದ ಚೀಲ ಅವನ ಹೆಗಲ ಹಿಂಭಾಗಕ್ಕೆ ಬೀಳುತ್ತದೆ. ಮಂಡಿ ಒಂದಿಷ್ಟು ಕುಸಿದು ಮತ್ತೆ ನೆಟ್ಟಗಾಗುತ್ತದೆ. ಆಳು 60 ಕಿಲೋ ಇದ್ದು ಚೀಲ 50 ಕಿಲೋ ಇದ್ದರೆ ಮೈತೂಕದ ಆರರಲ್ಲಿ ಐದು ಪಾಲು. ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಮರಳು ಮೂಟೆಯ ತಾಲೀಮು ಮಾತ್ರ ಇಲ್ಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಮೊದಲ ಚೀಲ.

ಊರಿನ ಇನ್ನೊಂದು ತುದಿಯಲ್ಲಿ, ಹೆಬ್ಬಾಳದ ಐಟಿ ಕ್ಯಾಂಪಸ್ಸುಗಳಲ್ಲಿ, ವಾರವಿಡೀ ಕುರ್ಚಿಗೆ ಅಂಟಿ ಕೂತು ಭಾನುವಾರ ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ‘ಕಟ್’ ಎನ್ನಿಸಿಕೊಳ್ಳುವ ಹುಡುಗರಿದ್ದಾರೆ. ಒಬ್ಬರಿಗೆ ಹೊರೆ ಅತಿ, ಇನ್ನೊಬ್ಬರಿಗೆ ಹೊರೆಯೇ ಇಲ್ಲ. ಇಬ್ಬರ ಬೆನ್ನೂ ಕೇಳುತ್ತಿರುವುದು ಆನೆಗೆ ಸಿಗುವ ಆ ತಾಲೀಮನ್ನೇ. ಬೆನ್ನು ನೋವಿನ ಬಗ್ಗೆ ಕಳೆದ ನಲವತ್ತು ವರ್ಷಗಳಲ್ಲಿ ವೈದ್ಯವಿಜ್ಞಾನ ಸುತ್ತಿ ಬಳಸಿ ಬಂದು ಮುಟ್ಟಿರುವುದೂ ಹೆಚ್ಚುಕಡಿಮೆ ಈ ಜಾಗಕ್ಕೇ.

ಸುತ್ತು ಮಾತ್ರ ದೊಡ್ಡದು. ಬಲಿಯಾದವರೂ ಬಹಳ. 2020ರ ಲೆಕ್ಕದಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟ ನೋವಿತ್ತು. 2050ರ ಹೊತ್ತಿಗೆ ಅದು 84.3 ಕೋಟಿ ಆಗಬಹುದೆಂಬುದು ಅಂದಾಜು. ಮನುಷ್ಯನನ್ನು ಕೊಲ್ಲದೆ ಮೂಲೆಗೆ ಕೂರಿಸುವ ತೊಂದರೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಇಷ್ಟು ಜನರಲ್ಲಿ ಸುಮಾರು ನೂರಕ್ಕೆ ತೊಂಬತ್ತು ಮಂದಿಗೆ ‘ಇಗೋ, ಇದರಿಂದಲೇ’ ಎಂದು ಬೆರಳಿಟ್ಟು ತೋರಿಸುವಂಥ ಕಾರಣ ಸಿಗುವುದಿಲ್ಲ. ರೋಗಿಗೆ ಇದು ಸಮಾಧಾನದ ಮಾತಲ್ಲ. ‘ಇಷ್ಟೊಂದು ನೋಯ್ತಿದೆ, ಏನೂ ಇಲ್ಲ ಅಂತಾರಲ್ಲ’ ಎಂದು ಮತ್ತೊಬ್ಬ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಾನೆ. ಏನೂ ಇಲ್ಲ ಎಂದಲ್ಲ, ಅಪಾಯದ್ದೇನೂ ಇಲ್ಲ ಎಂದು ಅದರ ಅರ್ಥ. ಆ ಒಂದು ಪದವನ್ನು ಸೇರಿಸಿ ಹೇಳುವಷ್ಟು ಪುರಸೊತ್ತು ಹೊರರೋಗಿ ವಿಭಾಗದ ಸಾಲಿನಲ್ಲಿ ಯಾರಿಗೂ ಇರುವುದಿಲ್ಲ.

ಬೆನ್ನುಹುರಿಯನ್ನು ಕಾಯುವ ಕಂಬ ಒಂದೇ ಮೂಳೆಯಲ್ಲ. ಕುತ್ತಿಗೆಯಲ್ಲಿ ಏಳು, ಎದೆಯ ಹಿಂದೆ ಹನ್ನೆರಡು, ಸೊಂಟದಲ್ಲಿ ಐದು, ಅದರ ಕೆಳಗೆ ಬೆಸೆದುಕೊಂಡ ತ್ರಿಕಾಸ್ಥಿ ಮತ್ತು ಬಾಲದ ಮೂಳೆ. ಅಲುಗಾಡುವ ಮೂಳೆಗಳ ನಡುನಡುವೆ 23 ಡಿಸ್ಕುಗಳು. ಡಿಸ್ಕನ್ನು ಅರ್ಥ ಮಾಡಿಕೊಳ್ಳಲು ಮೈಸೂರಿನವರು ಅಡುಗೆಮನೆಗಿಂತ ದೂರ ಹೋಗಬೇಕಾಗಿಲ್ಲ. ಅದು ಒಬ್ಬಟ್ಟು. ಹೊರಗೆ ನಾರಿನ ಪದರಗಳ ಗಟ್ಟಿ ಕಣಕ, ಒಳಗೆ ಲೋಳೆಯಂಥ ಹೂರಣ. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಅದು ಬಲವಾಗಿ ಅಂಟಿಕೊಂಡಿರುತ್ತದೆ. ಹಾಗಾಗಿ ‘ಡಿಸ್ಕ್ ಜಾರಿದೆ’ ಎಂದು ನಾವು ಆಡುವ ಮಾತು ಪೂರಾ ತಪ್ಪು. ಅದು ಕೇರಂ ಬಿಲ್ಲೆಯಂತೆ ಜಾರಲಾರದು. ಆಗುವುದಿಷ್ಟು: ಕಣಕ ಒಂದು ಕಡೆ ಉಬ್ಬುತ್ತದೆ, ಇಲ್ಲವೇ ಸೀಳಿ ಹೂರಣ ಹೊರಕ್ಕೆ ಬರುತ್ತದೆ. ಪಕ್ಕದಲ್ಲೇ ಹಾದುಹೋಗುವ ನರದ ಬೇರಿಗೆ ಅದು ತಾಗಿದರೆ ಪೃಷ್ಠದಿಂದ ಹಿಡಿದು ಮೀನಖಂಡ ದಾಟಿ ಪಾದದವರೆಗೆ ಮಿಂಚು ಹೊಡೆದಂತೆ ನೋವು. ಇದೇ ಸಯಾಟಿಕ.

ಆಯುರ್ವೇದ ಇದನ್ನು ಗೃಧ್ರಸಿ ಎಂದು ಕರೆದಿದೆ. ಗೃಧ್ರ ಎಂದರೆ ರಣಹದ್ದು. ರೋಗಿ ಒಂದು ಕಾಲನ್ನು ಎಳೆಯುತ್ತ, ಮೈಯನ್ನು ಒಂದು ಕಡೆ ವಾಲಿಸಿ ಹಾಕುವ ಹೆಜ್ಜೆಗೆ ಆ ಹೆಸರು. ರಾಮನಗರದ ಬೆಟ್ಟದಲ್ಲಿ ರಣಹದ್ದಿಗೆಂದೇ ಧಾಮ ಮಾಡಬೇಕಾಗಿ ಬಂದಿರುವ ಈ ಕಾಲದಲ್ಲಿ ಹದ್ದಿನ ನಡಿಗೆ ಕಂಡವರು ಕಡಿಮೆ. ಗೃಧ್ರಸಿಯ ನಡಿಗೆಯನ್ನು ಮಾತ್ರ ಎಲ್ಲರೂ ಕಂಡಿದ್ದಾರೆ.

ಒಬ್ಬಟ್ಟಿಗೂ ಡಿಸ್ಕಿಗೂ ಒಂದು ವ್ಯತ್ಯಾಸವಿದೆ, ಅದು ನಮ್ಮ ಪುಣ್ಯ. ಹೊರಬಂದ ಹೂರಣವನ್ನು ದೇಹ ಪರಕೀಯ ವಸ್ತುವೆಂದು ತಿಳಿದು, ರಕ್ಷಣಾ ಕಣಗಳನ್ನು ಕಳಿಸಿ, ತಿಂಗಳುಗಟ್ಟಲೆ ಕೂತು ತಿಂದು ಮುಗಿಸುತ್ತದೆ. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಹೀಗೆ ಅದು ತಾನಾಗಿ ಕುಗ್ಗುತ್ತದೆ. ದೊಡ್ಡದಾಗಿ ಹೊರಚೆಲ್ಲಿದ್ದೇ ಬೇಗ ಕರಗುವುದೂ ಉಂಟು.

ಬೆಳೆದವರ ಡಿಸ್ಕಿಗೆ ಸ್ವಂತ ರಕ್ತನಾಳವಿಲ್ಲ. ಒತ್ತಿದಾಗ ನೀರು ಬಿಟ್ಟು, ಬಿಟ್ಟಾಗ ನೀರು ಹೀರುವ ಸ್ಪಂಜಿನಂತೆ ಅದು ಅಕ್ಕಪಕ್ಕದಿಂದ ಆಹಾರ ಪಡೆಯಬೇಕು. ದಿನವಿಡೀ ನಿಂತು ಕೂತು ಓಡಾಡುವಾಗ ಅದರಿಂದ ನೀರು ಹಿಂಡಿಹೋಗಿ, ಸಂಜೆಯ ಹೊತ್ತಿಗೆ ಮನುಷ್ಯ ಬೆಳಿಗ್ಗೆಗಿಂತ ಒಂದೂವರೆ ಸೆಂಟಿಮೀಟರಿನಷ್ಟು ಕುಳ್ಳಗಾಗಿರುತ್ತಾನೆ. ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಭಾರ ಮತ್ತು ಬಿಡುವು ಎರಡೂ ಸರದಿಯಲ್ಲಿ ಬರಬೇಕು.

ಈಗ ಎಂಆರ್‌ಐನ ಆ ದೊಡ್ಡ ಲಕೋಟೆಯ ವಿಚಾರ. ರಿಪೋರ್ಟಿನಲ್ಲಿ ‘ಎಲ್‌4–ಎಲ್‌5 ಡಿಸ್ಕ್ ಬಲ್ಜ್’, ‘ಡಿಜೆನರೇಟಿವ್ ಚೇಂಜಸ್’ ಎಂದು ಓದಿದ ಕ್ಷಣದಿಂದ ಮನುಷ್ಯ ಬೇರೆಯವನಾಗುತ್ತಾನೆ. ಬಕೆಟ್ ಎತ್ತುವುದಿಲ್ಲ, ಮೊಮ್ಮಗುವನ್ನು ಎತ್ತುವುದಿಲ್ಲ, ನೆಲದಲ್ಲಿ ಕೂರುವುದಿಲ್ಲ. ‘ಮೂಳೆ ಸವೆದಿದೆಯಂತೆ’ ಎಂಬ ಒಂದು ಮಾತು ಮನೆಮಂದಿಗೆಲ್ಲ ಹರಡುತ್ತದೆ. 1994ರಲ್ಲಿ ಅಮೆರಿಕದ ವೈದ್ಯರು ಬೆನ್ನು ನೋವೇ ಇಲ್ಲದ 98 ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ನೋಡಿದರು. ಅವರಲ್ಲಿ ನೂರಕ್ಕೆ 64 ಮಂದಿಗೆ ಒಂದಲ್ಲ ಒಂದು ಡಿಸ್ಕಿನಲ್ಲಿ ಏರುಪೇರಿತ್ತು. ಇಂಥ 33 ಅಧ್ಯಯನಗಳನ್ನು ಒಟ್ಟು ಮಾಡಿ 2015ರಲ್ಲಿ ಪ್ರಕಟವಾದ ಲೆಕ್ಕ ಇನ್ನೂ ಸ್ವಾರಸ್ಯದ್ದು: ನೋವಿಲ್ಲದ ಇಪ್ಪತ್ತರ ಹರೆಯದವರಲ್ಲೇ ನೂರಕ್ಕೆ 37 ಮಂದಿಯ ಡಿಸ್ಕ್ ಸವೆದಿತ್ತು, 30 ಮಂದಿಗೆ ಉಬ್ಬಿತ್ತು. ಎಂಬತ್ತರವರಲ್ಲಿ ಸವೆತ 96, ಉಬ್ಬು 84. ಅಂದರೆ ಎಂಬತ್ತು ದಾಟಿದವರ ಬೆನ್ನು ಸವೆಯದಿದ್ದರೆ ಅದೇ ಸುದ್ದಿ. ತಲೆಗೂದಲು ಬೆಳ್ಳಗಾದದ್ದನ್ನು ಯಾರೂ ‘ಕೂದಲಿನ ಡಿಜೆನರೇಶನ್’ ಎಂದು ಬರೆದುಕೊಡುವುದಿಲ್ಲ.

ಎಂಆರ್‌ಐ ಬೇಡವೇ ಬೇಡ ಎಂದಲ್ಲ. ಯಾರಿಗೆ ಬೇಕು ಎಂಬುದಕ್ಕೆ ಲಕ್ಷಣಗಳಿವೆ, ಮುಂದೆ ಬರುತ್ತದೆ. ಆದರೆ ಮೂರು ದಿನದ ಹಿಡಿತಕ್ಕೆ ಹಠ ಹಿಡಿದು ಸ್ಕ್ಯಾನ್ ಮಾಡಿಸಿಕೊಳ್ಳುವವರು ಬಹುಮಟ್ಟಿಗೆ ದುಡ್ಡು ಕೊಟ್ಟು ಭಯ ಕೊಂಡುಕೊಳ್ಳುತ್ತಾರೆ.

ನೋವಿಗೆಲ್ಲ ಡಿಸ್ಕೇ ಕಾರಣ ಎಂಬ ಪಟ್ಟ ಅದಕ್ಕೆ ಸಿಕ್ಕಿದ್ದು 1934ರಲ್ಲಿ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಸರ್ಜನ್ನರು, ಸೀಳಿದ ಡಿಸ್ಕ್ ನರವನ್ನು ಒತ್ತುವುದರಿಂದ ಸಯಾಟಿಕ ಬರುತ್ತದೆ, ಅದನ್ನು ತೆಗೆದರೆ ಹೋಗುತ್ತದೆ ಎಂದು ಆ ವರ್ಷ ಬರೆದರು. ಅದು ನಿಜವೂ ಹೌದು, ದೊಡ್ಡ ಶೋಧವೂ ಹೌದು. ಆದರೆ ಅಲ್ಲಿಂದ ಮುಂದೆ ಬೆನ್ನು ನೋವೆಂದರೆ ಡಿಸ್ಕ್, ಡಿಸ್ಕೆಂದರೆ ಚಾಕು ಎಂಬ ಕಾಲ ದಶಕಗಟ್ಟಲೆ ನಡೆಯಿತು.

ಅದೇ 1934ರಲ್ಲಿ ಮೈಸೂರಿನಲ್ಲಿ ಬೇರೆಯೇ ಒಂದು ಕೆಲಸ ನಡೆಯುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು ಕನ್ನಡದಲ್ಲಿ ‘ಯೋಗ ಮಕರಂದ’ ಪುಸ್ತಕ ತಂದದ್ದು ಆ ವರ್ಷ. ಕೋಲಾರ ಸೀಮೆಯ ಬೆಳ್ಳೂರಿನ, ಕಾಯಿಲೆಯಿಂದ ಸೊರಗಿದ್ದ ಹದಿಹರೆಯದ ಹುಡುಗನೊಬ್ಬ ಅಕ್ಕನ ಗಂಡನಾದ ಅವರ ಮನೆಗೆ ಬಂದದ್ದೂ ಅದೇ ವರ್ಷ. ಆ ಹುಡುಗ ಬಿ.ಕೆ.ಎಸ್. ಅಯ್ಯಂಗಾರ್. ಮುಂದೆ ಪುಣೆಯಲ್ಲಿ ಹಗ್ಗ, ಕುರ್ಚಿ, ಮರದ ಇಟ್ಟಿಗೆ, ದಿಂಬು ಬಳಸಿ, ಬಗ್ಗಲಾರದವರಿಗೂ ಆಸನ ಮಾಡಿಸುವ ಪದ್ಧತಿ ಕಟ್ಟಿದವರು. 1979ರಲ್ಲಿ ಸ್ಕೂಟರ್ ಅಪಘಾತದಲ್ಲಿ ಅವರ ಬೆನ್ನಿಗೇ ಪೆಟ್ಟು ಬಿದ್ದ ಮೇಲೆ ಆ ಸಲಕರಣೆಗಳನ್ನು ಇನ್ನಷ್ಟು ತಿದ್ದಿಕೊಂಡವರು. ಅದೇ ಗುರುವಿನ ಇನ್ನೊಬ್ಬ ಶಿಷ್ಯ ಕೆ. ಪಟ್ಟಾಭಿ ಜೋಯಿಸರು ಮೈಸೂರಿನಲ್ಲೇ ಉಳಿದು ಲಕ್ಷ್ಮೀಪುರಂನಲ್ಲಿ 1948ರಲ್ಲಿ ಶಾಲೆ ತೆರೆದರು. ಇವತ್ತು ಗೋಕುಲಂನಲ್ಲಿ ಬೆನ್ನಿಗೆ ಚಾಪೆ ಸಿಕ್ಕಿಸಿ ಸ್ಕೂಟರಿನಲ್ಲಿ ಓಡಾಡುವ ವಿದೇಶಿಯರು ಆ ಶಾಲೆಯ ವಂಶದವರು.

ಯೋಗದಿಂದ ಬೆನ್ನು ನೋವು ಕಡಿಮೆಯಾಗುತ್ತದೆ ಎಂಬುದಕ್ಕೆ ಈಗ ನಂಬಿಕೆಯಷ್ಟೇ ಆಧಾರವಲ್ಲ. ಬೆಂಗಳೂರಿನ ಹೊರವಲಯದ ಯೋಗಕೇಂದ್ರ ಪ್ರಶಾಂತಿ ಕುಟೀರದಲ್ಲಿ ಹಳೆಯ ಸೊಂಟ ನೋವಿನ 80 ಜನರನ್ನು ಎರಡು ಗುಂಪು ಮಾಡಿ, ಒಂದು ವಾರ ಅಲ್ಲೇ ಉಳಿಸಿಕೊಂಡು ನಡೆಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಯೋಗ ಮಾಡಿದವರಿಗೆ ನೋವೂ ಇಳಿದಿತ್ತು, ಬೆನ್ನೂ ಹೆಚ್ಚು ಬಾಗುತ್ತಿತ್ತು. ಬಾಸ್ಟನ್ನಿನಲ್ಲಿ, ಹೌದು, ಡಿಸ್ಕಿಗೆ ಚಾಕು ಹಿಡಿದ ಅದೇ ಊರಿನಲ್ಲಿ, 320 ಬಡ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ, ಯೋಗ ಫಿಸಿಯೊಥೆರಪಿಗೆ ಕಡಿಮೆಯೇನಲ್ಲ ಎಂದಿತು. ಕಡಿಮೆಯಲ್ಲ ಎಂದಿತೇ ಹೊರತು ಮೇಲು ಎಂದಿಲ್ಲ, ಅದನ್ನೂ ಗಮನಿಸಬೇಕು. ಕಾಲಿಗೆ ಮಿಂಚು ಹೊಡೆಯುತ್ತಿರುವ ವಾರದಲ್ಲಿ ಮೊಬೈಲ್ ನೋಡಿಕೊಂಡು ಪಶ್ಚಿಮೋತ್ತಾನಾಸನ ಹಾಕಿ ಇನ್ನಷ್ಟು ಹಾಳು ಮಾಡಿಕೊಂಡವರು ಯೋಗದ ಈ ಊರಿನಲ್ಲೇ ಇದ್ದಾರೆ.

ಮಲಗಿ ಬೆನ್ನು ಗುಣ ಮಾಡಿಕೊಳ್ಳುವ ನಂಬಿಕೆ ಇನ್ನೂ ಹಳೆಯದು, ಇನ್ನೂ ಗಟ್ಟಿ. ಹಿಂದಿನ ಡಾಕ್ಟರುಗಳೇ ‘ಹಲಗೆ ಮೇಲೆ ಮೂರು ವಾರ ಮಲಗಿ’ ಎಂದು ಬರೆದುಕೊಡುತ್ತಿದ್ದರು. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೊ ಮತ್ತು ಸಂಗಡಿಗರು 203 ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಉಳಿದವರಿಗೆ ಏಳು ದಿನ ಮಲಗಲು ಹೇಳಿದರು. ಗುಣವಾದದ್ದರಲ್ಲಿ ವ್ಯತ್ಯಾಸವಿರಲಿಲ್ಲ, ಎರಡು ದಿನದವರು ಕೆಲಸ ತಪ್ಪಿಸಿಕೊಂಡದ್ದು ಮಾತ್ರ ಬಹಳ ಕಡಿಮೆ. ಆಮೇಲೆ ಬಂದ ಅಧ್ಯಯನಗಳು ಎರಡು ದಿನವೂ ಬೇಡ, ಆದಷ್ಟೂ ಓಡಾಡಿಕೊಂಡಿರಿ ಎಂದವು. ಮಲಗಿದರೆ ಸ್ನಾಯು ಸೊರಗುತ್ತದೆ, ಹೆದರಿಕೆ ಕೊಬ್ಬುತ್ತದೆ.

ಹೆದರಿಕೆಯ ಪಾತ್ರ ಸಣ್ಣದಲ್ಲ. ಕಳ್ಳ ಬಂದ ರಾತ್ರಿ ಬೊಗಳಿದ ನಾಯಿ, ಆಮೇಲೆ ಹಾಲಿನವನಿಗೂ ಬೊಗಳುತ್ತದೆ, ಪೇಪರಿನ ಹುಡುಗನಿಗೂ ಬೊಗಳುತ್ತದೆ. ಮೂರು ತಿಂಗಳು ಮೀರಿದ ನೋವಿನಲ್ಲಿ ನರಮಂಡಲದ ಸ್ಥಿತಿ ಹೆಚ್ಚಾಗಿ ಹೀಗೆಯೇ: ಮೊದಲಿನ ಪೆಟ್ಟು ಮಾಗಿದೆ, ಬೊಗಳುವಿಕೆ ನಿಂತಿಲ್ಲ. ನಿದ್ದೆಗೇಡು, ಸಾಲದ ಚಿಂತೆ, ಮೇಲಧಿಕಾರಿಯ ಕಾಟ ಎಲ್ಲವೂ ಆ ನಾಯಿಯನ್ನು ಕೆರಳಿಸುತ್ತವೆ. ನೋವು ಸುಳ್ಳೆಂದು ಇದರ ಅರ್ಥವಲ್ಲ. ಬೊಗಳುವ ಸದ್ದು ನಿಜವೇ. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ 1997ರಿಂದ ಎರಡು ಮೂರು ವರ್ಷ ಟಿವಿಯಲ್ಲಿ ‘ಬೆನ್ನು ನೋವೆಂದು ಮಲಗಬೇಡಿ’ ಎಂಬ ಜಾಹೀರಾತು ಬಿತ್ತರಿಸಿ, ಜನರ ಹೆದರಿಕೆಯನ್ನೂ ಪರಿಹಾರ ಕೋರುವ ಅರ್ಜಿಗಳನ್ನೂ ಇಳಿಸಿತು. ಮೈಸೂರಿನಲ್ಲಿ 1935ರಲ್ಲಿ ಮನೆಯಿಂದಲೇ ಆಕಾಶವಾಣಿ ಎಂಬ ಬಾನುಲಿ ನಡೆಸಿದ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಇಂಥದ್ದೊಂದು ಕಾರ್ಯಕ್ರಮಕ್ಕೆ ಅವರಿಗಿಂತ ತಕ್ಕವರು ಸಿಗುತ್ತಿರಲಿಲ್ಲ.

ಕುತ್ತಿಗೆಯ ಕತೆಯೂ ಸೊಂಟದ್ದೇ ದಾಯಾದಿ. ‘ನನಗೆ ಸರ್ವೈಕಲ್ ಇದೆ’ ಎನ್ನುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಸರ್ವೈಕಲ್ ಎಂದರೆ ಕುತ್ತಿಗೆಗೆ ಸೇರಿದ್ದು ಎಂದಷ್ಟೇ ಅರ್ಥ. ಆ ಲೆಕ್ಕದಲ್ಲಿ ಅದು ಎಲ್ಲರಿಗೂ ಇದೆ. 1892ರಷ್ಟು ಹಿಂದೆ ಶುರುವಾದ ನಮ್ಮ ಮೃಗಾಲಯದ ಜಿರಾಫೆಗೂ ಇದೆ, ಅದಕ್ಕೂ ಕುತ್ತಿಗೆಯಲ್ಲಿ ಏಳೇ ಮೂಳೆ. ನಾಲ್ಕೂವರೆ ಐದು ಕಿಲೋ ತೂಗುವ ತಲೆಯನ್ನು ಮೊಬೈಲಿಗೆಂದು ಬಗ್ಗಿಸಿದಷ್ಟೂ ಕುತ್ತಿಗೆಯ ಸ್ನಾಯುವಿಗೆ ಕೆಲಸ ಹೆಚ್ಚು ಎಂಬುದು ನಿಜ. ಆದರೆ ಬಗ್ಗಿದ್ದೇ ಪಾಪವಲ್ಲ, ಬಗ್ಗಿದ ಹಾಗೇ ಗಂಟೆಗಟ್ಟಲೆ ಇರುವುದು ತೊಂದರೆ.

ಮೈಸೂರಿನ ಅಗರಬತ್ತಿ ಹೊಸೆಯುವ ಹೆಂಗಸರನ್ನು ನೋಡಿದರೆ ಇದು ತಿಳಿಯುತ್ತದೆ. ಮುಂದೆ ತಗ್ಗು ಮಣೆ, ಎಡಕ್ಕೆ ಬಿದಿರ ಕಡ್ಡಿಯ ಕಟ್ಟು, ಬಲಕ್ಕೆ ಇದ್ದಿಲು ಪುಡಿ ಕಲಸಿದ ಕಪ್ಪು ಮುದ್ದೆ. ಚಿಟಿಕೆ ಮುದ್ದೆಯನ್ನು ಕಡ್ಡಿಯ ತುದಿಗೆ ಒತ್ತಿ, ಅಂಗೈಯ ಒಂದೇ ಉಜ್ಜಿಗೆ ಉದ್ದಕ್ಕೂ ಎಳೆದು, ಪಕ್ಕಕ್ಕೆ ಒಗೆಯುವುದು. ಕಣ್ಣು ಮಣೆ ಬಿಟ್ಟು ಕದಲುವುದಿಲ್ಲ, ಕುತ್ತಿಗೆಯೂ ಕದಲುವುದಿಲ್ಲ. ಸಂಬಳ ಸಾವಿರ ಕಡ್ಡಿಯ ಲೆಕ್ಕದಲ್ಲಿ. ಯಂತ್ರಗಳು ಬಂದು ಕೈಹೊಸೆತ ಈಗ ಬಹಳ ಇಳಿದಿದೆ. ಹೆಗಲ ಹಲಗೆಗಳ ನಡುವೆ ಉರಿಯುವ ನೋವು ಆ ತಲೆಮಾರಿನವರಿಗೆ ಉಳಿದಿದೆ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ ಎಂಬ ಸಲಹೆ ವೈದ್ಯಕೀಯವಾಗಿ ಸರಿ. ಆದರೆ ಸಾವಿರದ ಲೆಕ್ಕದಲ್ಲಿ ದುಡಿಯುವವರಿಗೆ ಪ್ರತಿ ಎದ್ದೋಡಾಟಕ್ಕೂ ಕೂಲಿ ಕಡಿತವಿದೆ. ಬೆನ್ನು ನೋವಿನ ಕೈಪಿಡಿಗಳನ್ನು ಬರೆಯುವವರು ಸಾಮಾನ್ಯವಾಗಿ ಸಂಬಳದ ಕುರ್ಚಿಯವರು.

ಕುತ್ತಿಗೆಗೆ ಸಂಬಂಧಿಸಿದ ಇನ್ನೊಂದು ಅಭ್ಯಾಸ ಕ್ಷೌರದಂಗಡಿಯದು. ಕಟಿಂಗ್ ಮುಗಿದ ಮೇಲೆ ತಲೆ ತಟ್ಟಿ, ಗಲ್ಲ ಹಿಡಿದು, ಪಕ್ಕಕ್ಕೆ ‘ಲಟಕ್’ ಎನ್ನಿಸುವುದು. ಹಾಯೆನಿಸುತ್ತದೆ, ನಿಜ. ಆದರೆ ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯಲ್ಲೇ ಹಾದುಹೋಗುತ್ತವೆ. ಹಠಾತ್ತನೆ ತಿರುಚಿದಾಗ ಅವುಗಳ ಒಳಪದರ ಸೀಳುವುದು ಅಪರೂಪಕ್ಕೆ ಉಂಟು. 2024ರಲ್ಲಿ ಬಳ್ಳಾರಿಯ ಯುವಕನೊಬ್ಬ ಹೀಗೆ ಕುತ್ತಿಗೆ ತಿರುವಿಸಿಕೊಂಡ ಮೇಲೆ ಪಾರ್ಶ್ವವಾಯುವಿಗೆ ತುತ್ತಾದ ಸುದ್ದಿ ರಾಜ್ಯದ ಪತ್ರಿಕೆಗಳಲ್ಲೆಲ್ಲ ಬಂತು.

ಉಳುಕು ತೆಗೆಯುವುದಕ್ಕೆ ಮೈಸೂರಿನಲ್ಲಿ ಹಳೆಯ ಪರಂಪರೆಯೇ ಇದೆ. ವಿಜಯದಶಮಿಯ ಬೆಳಿಗ್ಗೆ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ಆಡುವ ಜಟ್ಟಿಗಳಿಗೆ ಕೀಲು ಕೂರಿಸುವುದರಲ್ಲಿ, ಮೈ ತಿಕ್ಕುವುದರಲ್ಲಿ ಹೆಸರಿತ್ತು. ಜಂಬೂಸವಾರಿ ಹಾದುಹೋಗುವ ಸಯ್ಯಾಜಿರಾವ್ ರಸ್ತೆಯಲ್ಲಿ ಸರ್ಕಾರಿ ಆಯುರ್ವೇದ ಕಾಲೇಜು ಇದೆ; 1908ರಲ್ಲಿ ಶುರುವಾದದ್ದು, ಅದರ ವೃತ್ತಕ್ಕೆ ಆಯುರ್ವೇದ ಆಸ್ಪತ್ರೆಯದೇ ಹೆಸರು. ಸೊಂಟ ನೋವಿನವರಿಗೆ ಆಯುರ್ವೇದದವರು ಮಾಡುವ ಕಟಿಬಸ್ತಿ ನೋಡಲೂ ಚೆಂದ: ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಮಲಗಿದವರ ಸೊಂಟದ ಮೇಲೆ ಬಳೆಯಂತೆ ಕಟ್ಟೆ ಕಟ್ಟಿ, ಸಂದಿಲ್ಲದಂತೆ ಒದ್ದೆ ಬೆರಳಲ್ಲಿ ಒತ್ತಿ, ಒಳಗೆ ಬೆಚ್ಚನೆ ತೈಲ ಹೊಯ್ಯುತ್ತಾರೆ. ಆರಿದ ತೈಲವನ್ನು ಹತ್ತಿಯಲ್ಲಿ ಅದ್ದಿ ತೆಗೆದು, ಬಿಸಿ ತೈಲ ಸೇರಿಸುತ್ತ ಅರ್ಧ ಮುಕ್ಕಾಲು ಗಂಟೆ. ಶಾಖ, ಎಣ್ಣೆ, ನಿಧಾನದ ಕೈ ಇವುಗಳಿಂದ ಸ್ನಾಯುವಿನ ಬಿಗಿ ಸಡಿಲುತ್ತದೆ, ಮನಸ್ಸಿಗೂ ಹಿತ. ಜಾರಿದ ಡಿಸ್ಕನ್ನು ಒಳಗೆ ಕೂರಿಸುತ್ತೇವೆ ಎಂದು ಯಾವ ಪದ್ಧತಿಯವರು ಹೇಳಿದರೂ ನಂಬಬೇಕಾಗಿಲ್ಲ.

ಅಲೋಪತಿಯ ಮನೆಯಲ್ಲೂ ಇತ್ತೀಚೆಗೆ ದೊಡ್ಡ ಕಸ ಗುಡಿಸುವಿಕೆ ನಡೆದಿದೆ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಸೊಂಟ ನೋವಿಗೆಂದೇ ಮಾರ್ಗಸೂಚಿ ತಂದಿತು. ವ್ಯಾಯಾಮ, ತಿಳಿವಳಿಕೆ ಕೊಡುವುದು, ಮನಸ್ಸಿನ ಚಿಕಿತ್ಸೆ, ಮಸಾಜು, ನುರಿತವರ ಕೈಚಿಕಿತ್ಸೆ, ಬೇಕಾದಾಗ ಉರಿಯೂತ ಇಳಿಸುವ ಮಾತ್ರೆ ಇವು ಒಪ್ಪಿತ. ವಾಡಿಕೆಯಲ್ಲಿ ಕೊಡಬೇಡಿ ಎಂದ ಪಟ್ಟಿಯಲ್ಲಿ ಸೊಂಟದ ಬೆಲ್ಟ್, ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಶಾಖ, ಜನ ‘ಕರೆಂಟ್ ಕೊಡಿಸ್ಕೊಂಡು ಬಂದೆ’ ಎನ್ನುವ ಟೆನ್ಸ್, ಅಫೀಮಿನ ಜಾತಿಯ ನೋವುನಿವಾರಕಗಳು ಎಲ್ಲವೂ ಇವೆ. ಪ್ಯಾರಸಿಟಮಾಲ್ ಸೊಂಟ ಹಿಡಿತವನ್ನು ಬೇಗ ವಾಸಿ ಮಾಡುವುದಿಲ್ಲ ಎಂದು 2014ರಲ್ಲೇ ಆಸ್ಟ್ರೇಲಿಯದ ದೊಡ್ಡ ಪರೀಕ್ಷೆ ತೋರಿಸಿತ್ತು. ಸಯಾಟಿಕಕ್ಕೆ ಕಣ್ಣುಮುಚ್ಚಿ ಬರೆಯುವ ಪ್ರೀಗ್ಯಾಬಲಿನ್ ಬೆಲ್ಲದ ಗುಳಿಗೆಗಿಂತ ಮೇಲಲ್ಲ ಎಂದು 2017ರಲ್ಲಿ ಗೊತ್ತಾಯಿತು. ಉರಿಯೂತದ ಮಾತ್ರೆಗಳು ಒಂದಿಷ್ಟು ಕೆಲಸ ಮಾಡುತ್ತವೆ, ಆದರೆ ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಕುತ್ತು.

ಆಪರೇಷನ್? ಸಯಾಟಿಕದ 283 ರೋಗಿಗಳ ಮೇಲೆ ನೆದರ್ಲ್ಯಾಂಡ್ಸಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಒಳ್ಳೆಯ ಉತ್ತರ. ಬೇಗ ಆಪರೇಷನ್ ಮಾಡಿಸಿಕೊಂಡವರ ಕಾಲು ನೋವು ಬೇಗ ಹೋಯಿತು. ಕಾದು ನೋಡಿದವರಲ್ಲಿ ನೂರಕ್ಕೆ 39 ಮಂದಿ ತಾಳಲಾರದೆ ಮುಂದೆ ಆಪರೇಷನ್ನಿಗೆ ಹೋದರು. ವರ್ಷ ತುಂಬುವಾಗ ಎರಡೂ ಗುಂಪಿನಲ್ಲಿ ನೂರಕ್ಕೆ 95 ಮಂದಿ ಚೇತರಿಸಿಕೊಂಡಿದ್ದರು. ಆಪರೇಷನ್ ಕೊಡುವುದು ವೇಗ. ಆ ವೇಗ ಯಾರಿಗೆ ಎಷ್ಟು ಅಗತ್ಯ ಎಂಬುದು ಅವರವರ ನೋವು, ದುಡಿಮೆ, ಕೈಯಲ್ಲಿರುವ ಹಣ ನೋಡಿ ತೀರ್ಮಾನಿಸುವ ಮಾತು. ಇದು ಕಾಲಿನ ನೋವಿಗೆ. ಬರೀ ಸೊಂಟ ನೋವಿಗೆ ಚಾಕು ಇಷ್ಟು ಒಳ್ಳೆಯ ಫಲ ಕೊಡುವುದಿಲ್ಲ.

ಇಷ್ಟೆಲ್ಲ ಧೈರ್ಯ ಹೇಳಿದ ಮೇಲೆ, ತಡ ಮಾಡಬಾರದ ನೋವುಗಳ ಬಗ್ಗೆ ನಿಧಾನವಾಗಿ ಹೇಳಬೇಕು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲಿ ಮುಗಿದು, ಅಲ್ಲಿಂದ ಕೆಳಗೆ ಕುದುರೆಯ ಬಾಲದಂತೆ ನರಗಳ ಕಟ್ಟು ಇಳಿಬಿದ್ದಿರುತ್ತದೆ. ದೊಡ್ಡ ಡಿಸ್ಕೊಂದು ಅದನ್ನೇ ಅದುಮಿದರೆ, ಕುದುರೆ ಸವಾರನಿಗೆ ಜೀನು ತಾಗುವ ಜಾಗವಿದೆಯಲ್ಲ, ಅಲ್ಲಿ ಸ್ಪರ್ಶ ಗೊತ್ತಾಗುವುದಿಲ್ಲ; ಮೂತ್ರ ಕಟ್ಟುತ್ತದೆ ಅಥವಾ ಅರಿವಿಲ್ಲದೆ ಹೋಗುತ್ತದೆ; ಎರಡೂ ಕಾಲು ಸೋಲುತ್ತವೆ. ಇದಕ್ಕೆ ಕಷಾಯ, ಎಣ್ಣೆ, ನಾಳೆ ಬೆಳಿಗ್ಗೆ ಯಾವುದೂ ಇಲ್ಲ. ಆ ರಾತ್ರಿಯೇ ಆಸ್ಪತ್ರೆ. ಪಾದ ಎತ್ತಲಾಗದೆ ಚಪ್ಪಲಿ ಜಾರುವುದು, ಕೈ ಬೆರಳು ಗುಂಡಿ ಹಾಕಲು ತಡಕಾಡುವುದರ ಜೊತೆಗೆ ನಡಿಗೆ ತೂರಾಡುವುದು, ಬಿದ್ದ ಮೇಲೆ ಬಂದ ನೋವು, ಕ್ಯಾನ್ಸರ್ ಚಿಕಿತ್ಸೆ ಆದವರಿಗೆ ಬಂದ ಹೊಸ ನೋವು, ಮುಟ್ಟು ನಿಂತು ವರ್ಷಗಳಾದ ಹೆಂಗಸರಿಗೆ ಸಣ್ಣ ಭಾರ ಎತ್ತಿದಾಗ ಹಠಾತ್ತನೆ ಹಿಡಿದ ನೋವು, ಇವಕ್ಕೆಲ್ಲ ಸ್ಕ್ಯಾನ್ ಬೇಕು.

ಇನ್ನೊಂದು ನಮ್ಮ ದೇಶದ್ದೇ ಕಾಯಿಲೆ. ಸಂಜೆ ಜ್ವರ, ಇಳಿಯುವ ತೂಕ, ಹಸಿವಿಲ್ಲ, ರಾತ್ರಿ ಎಬ್ಬಿಸುವ ಬೆನ್ನು ನೋವು ಎಂದರೆ ಬೆನ್ನುಮೂಳೆಯ ಕ್ಷಯ ಇರಬಹುದು. 1779ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ವಿವರಿಸಿದ ಇದು ಇಂದಿಗೂ ಭಾರತದಲ್ಲಿ ಸಾಮಾನ್ಯ. ಕ್ಷಯದಿಂದ ತೀರಿಕೊಂಡ ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಿಟೋರಿಯಂ ಕೆಆರ್‌ಎಸ್ ರಸ್ತೆಯಲ್ಲಿ ನೂರು ವರ್ಷ ದಾಟಿ ನಿಂತಿದೆ. ರಾಜಮನೆತನವನ್ನೂ ಬಿಡದ ಆ ಕಾಯಿಲೆಗೆ ಈಗ ಮಾತ್ರೆ ಇದೆ, ಸರ್ಕಾರ ಪುಕ್ಕಟೆ ಕೊಡುತ್ತದೆ, ವರ್ಷದವರೆಗೂ ಬಿಡದೆ ನುಂಗಬೇಕಾಗಬಹುದು. ತಡವಾದರೆ ಮೂಳೆ ಕುಸಿದು ಗೂನು, ಕಾಲಿನ ಶಕ್ತಿಹೀನತೆ. ಹಾಗೆಯೇ ನಲವತ್ತರೊಳಗಿನ ಹುಡುಗರಿಗೆ ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬೆನ್ನು ಮರಗಟ್ಟಿ, ಮಲಗಿದರೆ ಹೆಚ್ಚಿ, ಓಡಾಡಿದರೆ ಸಡಿಲವಾಗುತ್ತಿದ್ದರೆ ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದ್ದೀತು. ಸಂಧಿವಾತದ ತಜ್ಞರಿಗೆ ತೋರಿಸಬೇಕು. ಪಾವಗಡ, ಮುಂಡರಗಿ ಕಡೆಯಿಂದ ಬಂದವರ ಬಿರುಸು ಬೆನ್ನು, ಸೆಟೆದ ಕುತ್ತಿಗೆಗೆ ಕೊಳವೆಬಾವಿಯ ಫ್ಲೋರೈಡ್ ಕಾರಣವಿರಬಹುದು ಎಂಬುದೂ ನೆನಪಿರಬೇಕು.

ಉಳಿದವರಿಗೆ, ಅಂದರೆ ಹೆಚ್ಚಿನವರಿಗೆ, ಕುಕ್ಕರಹಳ್ಳಿ ಕೆರೆ ಏರಿ ಇದೆ. ಕುವೆಂಪು ನಡೆದಾಡಿದ ಆ ದಾರಿಯಲ್ಲಿ ಬೆಳಗಿನ ಆರೂವರೆಗೆ ಅರ್ಧ ಮೈಸೂರೇ ಸಿಗುತ್ತದೆ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದು ಇವರ ಪಾಲಿಗೆ ಒಳ್ಳೆಯ ಸುದ್ದಿ. ಸೊಂಟ ನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರಲ್ಲಿ ಒಂದು ಗುಂಪಿಗೆ ಫಿಸಿಯೊಥೆರಪಿಸ್ಟರ ಮಾರ್ಗದರ್ಶನದಲ್ಲಿ ನಡಿಗೆ ಕಲಿಸಿದರು. ಮೊದಲ ದಿನವೇ ಐದು ಕಿಲೋಮೀಟರ್ ಅಲ್ಲ. ಕೈಲಾದಷ್ಟರಿಂದ ಶುರು ಮಾಡಿ, ಆರು ತಿಂಗಳಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆಯ ಕಡೆಗೆ ಏರಿಸುತ್ತ. ನಡೆದವರಿಗೆ ನೋವು ಮರುಕಳಿಸಲು ಹಿಡಿದ ನಡುವಣ ಅವಧಿ 208 ದಿನ, ನಡೆಯದವರಿಗೆ 112 ದಿನ. ಬರಿಮೈ ನಡಿಗೆ, ಆಮೇಲೆ ಒಂದು ಮೂಟೆ, ಆಮೇಲೆ ಇನ್ನೊಂದು ಎಂಬ ಮಾವುತರ ಕ್ರಮವನ್ನೇ ಸಿಡ್ನಿಯಲ್ಲಿ ಕೂತು ಅಂಕಿಸಂಖ್ಯೆಯಲ್ಲಿ ಬರೆದ ಹಾಗಿದೆ. ನಡಿಗೆ ಕೂಡಿಬಂದ ಮೇಲೆ ಬಸ್ಕಿ, ಸಣ್ಣ ಭಾರ ಎತ್ತಿಳಿಸುವುದು, ಬೇಕಾದರೆ ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ನಂದಿಯವರೆಗೆ. ನೋವು ಸ್ವಲ್ಪ ಏರಿ ಮರುದಿನಕ್ಕೆ ಇಳಿದರೆ ಆ ಭಾರ ಸರಿ. ಇಳಿಯದಿದ್ದರೆ ಒಂದು ಮೆಟ್ಟಿಲು ಕೆಳಗೆ.

ಆನೆಗಳ ವಿಷಯದಲ್ಲಿ ಇನ್ನೊಂದು ನಿಯಮವಿದೆ. ಅರವತ್ತು ದಾಟಿದ ಆನೆಗೆ ಅಂಬಾರಿ ಹೊರಿಸುವಂತಿಲ್ಲ. 2012ರಿಂದ ಹೊತ್ತ ಅರ್ಜುನನಿಗೆ ಆ ವಯಸ್ಸಾಯಿತೆಂದೇ 2020ರಲ್ಲಿ ಅಂಬಾರಿ ಅಭಿಮನ್ಯುವಿನ ಬೆನ್ನಿಗೆ ಬಂತು. ಅರ್ಜುನ ಮುಂದೆ ನಿಶಾನೆ ಆನೆಯಾಗಿ ಮೆರವಣಿಗೆಯಲ್ಲಿ ಹಗುರವಾಗಿ ನಡೆದ. ಬಂಡಿಪಾಳ್ಯದ ಯಾರ್ಡಿನಲ್ಲಿ ಹಮಾಲಿಗಳ ವಯಸ್ಸನ್ನು ಯಾರೂ ಕೇಳುವುದಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಚೀಲಗಳ ಅಟ್ಟಿಗೆ ಒರಗಿ ಕೂತವರಲ್ಲಿ ನರೆತ ತಲೆಗಳೂ ಇರುತ್ತವೆ. ಇನ್ನೊಂದು ಲಾರಿ ಹಿಮ್ಮುಖವಾಗಿ ಬಂದು ನಿಂತ ಸದ್ದಿಗೆ ಅವರೂ ಸೊಂಟಕ್ಕೆ ಕೈಯೂರಿ ಏಳುತ್ತಾರೆ, ಗೋಣಿ ಕೊಡವಿ ತಲೆಗೆ ಹಾಕಿಕೊಳ್ಳುತ್ತಾರೆ.